ನೀರಿನ ಕಥೆಗಳ ಐದು ದಿನ: ರಾಯಚೂರಿನ ಬಿಸಿಲಲ್ಲಿ ಮಕ್ಕಳ ಬೈಬಲ್ ಶಿಬಿರ ನಡೆಸುವ ಬಗೆ

ಮಾರ್ಚ್ ಮುಗಿಯುತ್ತಿದ್ದಂತೆ ನಮ್ಮ ರಾಯಚೂರು ಜಿಲ್ಲೆಯ ಕ್ರೈಸ್ತ ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ವಿಬಿಎಸ್ (ವೆಕೇಶನ್ ಬೈಬಲ್ ಸ್ಕೂಲ್, ಮಕ್ಕಳ ಬೇಸಿಗೆ ಬೈಬಲ್ ಶಿಬಿರ) ಮಾತು ಶುರುವಾಗುತ್ತದೆ. ಬ್ಯಾನರ್ ಎಷ್ಟುದ್ದ ಇರಬೇಕು, ಮೈಕ್ ಸೆಟ್ ಯಾರದು, ಕೊನೆಯ ದಿನ ಪಲಾವೋ ಬಿರಿಯಾನಿಯೋ ಎನ್ನುವುದರಲ್ಲೇ ಮೊದಲ ಮೀಟಿಂಗ್ ಕಳೆದುಹೋಗುತ್ತದೆ. ಇವೆಲ್ಲ ಬೇಕು, ಆದರೆ ಆಮೇಲೆ. ಮೊದಲು ತೀರ್ಮಾನ ಆಗಬೇಕಾದವು ಎರಡು. ಐದು ದಿನವೂ ಮಕ್ಕಳ ಕಿವಿಗೆ ಬೀಳಬೇಕಾದ ಒಂದು ವಿಷಯ ಯಾವುದು? ಬರುವ ಪ್ರತಿಯೊಂದು ಮಗುವಿನ ಹೆಸರು, ಮನೆ, ಆರೋಗ್ಯ ತಿಳಿದುಕೊಂಡು ಆ ಮಗುವಿಗೆ ಜವಾಬ್ದಾರರಾಗುವ ದೊಡ್ಡವರು ಯಾರು? ಇವೆರಡಕ್ಕೆ ಉತ್ತರ ಸಿಕ್ಕರೆ ಹತ್ತು ಜನ ಮಕ್ಕಳಿರುವ ಹಳ್ಳಿಯ ಸಣ್ಣ ಸಭೆಯೂ ಚೆನ್ನಾಗಿ ಶಿಬಿರ ನಡೆಸಬಹುದು. ಸಿಗದಿದ್ದರೆ ಇನ್ನೂರು ಮಕ್ಕಳು ಸೇರಿದರೂ ಅದು ಬರೀ ಗದ್ದಲ.

ದಿನ ಮತ್ತು ಹೊತ್ತು

ಸರ್ಕಾರಿ ಶಾಲೆಗಳ ಬೇಸಿಗೆ ರಜೆ ಸಾಮಾನ್ಯವಾಗಿ ಏಪ್ರಿಲ್ 11ರ ಸುಮಾರಿಗೆ ಶುರುವಾಗಿ ಮೇ ಕೊನೆಯ ವಾರದವರೆಗೆ ಇರುತ್ತದೆ. ಈ ಅವಧಿಯಲ್ಲಿ ಆದಷ್ಟು ಮುಂಚಿನ ವಾರ ಹಿಡಿಯಿರಿ. ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುವುದು ನಮ್ಮಲ್ಲಿ ಹೊಸದೇನಲ್ಲ. ಮದುವೆಗಳೂ ಆಗಲೇ ಹೆಚ್ಚು, ಅರ್ಧ ಮಕ್ಕಳು ನೆಂಟರ ಮನೆಗೆ ಹೋಗಿಬಿಡುತ್ತಾರೆ. ಈಸ್ಟರ್ ಯಾವಾಗ ಬರುತ್ತದೆ ಎಂದೂ ನೋಡಿಕೊಳ್ಳಿ. 2026ರಲ್ಲಿ ಅದು ಏಪ್ರಿಲ್ 5, 2027ರಲ್ಲಿ ಮಾರ್ಚ್ 28. ಈಸ್ಟರಿಗೆ ಮುಂಚಿನ ಪವಿತ್ರ ವಾರದ ಆರಾಧನೆಗಳಲ್ಲಿ ದಣಿದವರನ್ನು ಮರುದಿನವೇ ಶಿಬಿರಕ್ಕೆ ಎಳೆಯಬೇಡಿ, ಮಧ್ಯೆ ಒಂದು ವಾರವಾದರೂ ಬಿಡಿ.

ಹೊತ್ತಿನ ವಿಷಯದಲ್ಲಿ ರಾಜಿ ಬೇಡ. ಬೆಳಿಗ್ಗೆ 7:15ಕ್ಕೆ ಶುರು, 10:30ಕ್ಕೆ ಮಕ್ಕಳು ಮನೆಯಲ್ಲಿರಬೇಕು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರವರೆಗೆ ನಡೆಯುತ್ತವೆ. ಬೇರೆ ಊರುಗಳ ಕೈಪಿಡಿಗಳಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 1ರವರೆಗಿನ ವೇಳಾಪಟ್ಟಿ ಅಚ್ಚಾಗಿರುತ್ತದೆ. ಅದು ತಂಪು ಊರಿನವರಿಗೆ. ಸಂಜೆ ಇಟ್ಟುಕೊಂಡರೆ ಹೇಗೆ ಎಂದು ಕೆಲವರು ಕೇಳುತ್ತಾರೆ. ಹಗಲೆಲ್ಲ ಕಾದ ತಗಡಿನ ಶೀಟು ಸಂಜೆ ಐದಕ್ಕೂ ಆರಿರುವುದಿಲ್ಲ, ಮುಗಿಯುವಷ್ಟರಲ್ಲಿ ಕತ್ತಲಾಗಿ ಹೆಣ್ಣುಮಕ್ಕಳನ್ನು ಮನೆ ಮುಟ್ಟಿಸುವ ಚಿಂತೆ ಬೇರೆ. ಬೆಳಿಗ್ಗೆಯೇ ಸರಿ.

ಐದು ದಿನ ಸಾಕು. ಹತ್ತು ದಿನದ ಶಿಬಿರದಲ್ಲಿ ಆರನೇ ದಿನದಿಂದ ಶಿಕ್ಷಕರ ಗಂಟಲು ಹೋಗಿರುತ್ತದೆ, ಮಕ್ಕಳ ಸಂಖ್ಯೆಯೂ ಇಳಿದಿರುತ್ತದೆ.

ವಿಷಯವನ್ನು ಮಕ್ಕಳ ಬದುಕಿನಿಂದ ಎತ್ತಿಕೊಳ್ಳಿ

ಅಚ್ಚಾದ ವಿಬಿಎಸ್ ಪುಸ್ತಕಗಳಲ್ಲಿ ಬಾಹ್ಯಾಕಾಶ, ಹಿಮದ ನಾಡು, ಆಳಸಮುದ್ರದಂಥ ವಿಷಯಗಳು ಬರುತ್ತವೆ. ಚಿತ್ರಗಳು ಚೆಂದ ಇರುತ್ತವೆ, ನಿಜ. ಆದರೆ ಹಿಮ ಎಂದರೇನು ಎಂದು ವಿವರಿಸುವುದರಲ್ಲೇ ಮೊದಲ ದಿನ ಹೋಗುತ್ತದೆ. ಥರ್ಮಾಕೋಲ್ ಅಲಂಕಾರಕ್ಕೆ ಸುರಿದ ದುಡ್ಡು ಆರನೇ ದಿನ ಕಸಕ್ಕೆ ಸೇರುತ್ತದೆ. ಮಗು ದಿನಾ ಮುಟ್ಟುವ, ಕಾಯುವ, ಜಗಳವಾಡುವ ಒಂದು ವಸ್ತುವನ್ನು ವಿಷಯ ಮಾಡಿದರೆ ಕಥೆ ಮನೆಗೆ ಹೋದ ಮೇಲೂ ಮಗುವಿನ ಜೊತೆ ಇರುತ್ತದೆ.

ನಮ್ಮ ಜಿಲ್ಲೆಗೆ ನಾನು ಹೇಳುವ ವಿಷಯ ನೀರು. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ತುಂಗಭದ್ರೆ, ನಡುವೆ ನಾವು. ಆದರೂ ಬೇಸಿಗೆ ಬಂದರೆ ಕೊಡ ಹಿಡಿದು ನಲ್ಲಿ ಮುಂದೆ ಸಾಲು ನಿಲ್ಲುವುದು, ಕೊಳವೆಬಾವಿ ಬತ್ತುವುದು, ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಕೊನೆಯ ಭಾಗದ ಹೊಲಕ್ಕೆ ಮುಟ್ಟಲಿಲ್ಲ ಎಂದು ಅಪ್ಪಂದಿರು ಧರಣಿ ಕೂರುವುದು, ಎಲ್ಲವನ್ನೂ ನಮ್ಮ ಮಕ್ಕಳು ನೋಡಿರುತ್ತಾರೆ. ಸತ್ಯವೇದವೂ, ಅಂದರೆ ಬೈಬಲ್ಲೂ, ನೀರಿಗೆ ಕಷ್ಟಪಟ್ಟ ನಾಡಿನಲ್ಲಿ ಹುಟ್ಟಿದ್ದು. ಬಾವಿ, ಹಳ್ಳ, ನದಿ, ಸರೋವರ ಅದರ ತುಂಬ ಇವೆ. ಐದು ದಿನಕ್ಕೆ ಐದು ಕಥೆ ಆರಿಸುವುದೇನೂ ಕಷ್ಟವಿಲ್ಲ. ದಿನಕ್ಕೆ ಒಂದೇ ಕಥೆ ಎನ್ನುವ ನಿಯಮ ಮಾತ್ರ ಮುರಿಯಬೇಡಿ. ಹಾಡು, ಆಟ, ಕೈಕೆಲಸ, ಸಾಧ್ಯವಾದರೆ ತಿಂಡಿಯೂ ಆ ದಿನದ ಕಥೆಯ ಕಡೆಗೇ ಕೈ ತೋರಿಸಲಿ.

*ಮೊದಲ ದಿನ: ಇಸಾಕನ ಬಾವಿಗಳು* (ಆದಿಕಾಂಡ 26). ತಂದೆ ತೋಡಿಸಿದ ಬಾವಿಗಳನ್ನು ಜನ ಮಣ್ಣು ಹಾಕಿ ಮುಚ್ಚಿದ್ದಾರೆ. ಇಸಾಕನ ಆಳುಗಳು ಒಂದು ಬಾವಿ ತೋಡುತ್ತಾರೆ, ಊರವರು ಬಂದು ನೀರು ನಮ್ಮದು ಎನ್ನುತ್ತಾರೆ. ಇನ್ನೊಂದು ತೋಡುತ್ತಾರೆ, ಅದಕ್ಕೂ ಜಗಳ. ಮೂರನೆಯದಕ್ಕೆ ಯಾರೂ ಬರುವುದಿಲ್ಲ. ಕಥೆಯನ್ನು ಪುಸ್ತಕದ ಕನ್ನಡದಲ್ಲಿ ಹೇಳಬೇಡಿ, ಮಕ್ಕಳ ಮಾತಲ್ಲೇ ಹೇಳಿ. ‘ಬ್ಯಾಡ ಬಿಡ್ರೋ ತಮ್ಮಾ, ಕೊಡ್ಲಿ ಹಿಡೀಬ್ಯಾಡ್ರಿ, ಮುಂದ ಹೋಗಿ ಇನ್ನೊಂದು ತೋಡೋಣ ಬರ್ರಿ’ ಎಂದು ಇಸಾಕ ಅಂದರೆ ಹುಡುಗರು ತಕ್ಷಣ ತಲೆ ಎತ್ತುತ್ತಾರೆ. ಒಂದು ಎಚ್ಚರ ಇರಲಿ. ಹೊಡೆತ ತಿಂದು ಸುಮ್ಮನಿರಬೇಕು ಎಂಬ ಅರ್ಥ ಮಗುವಿಗೆ ಹೋಗಬಾರದು. ಶಾಲೆಯಲ್ಲೋ ಮನೆಯಲ್ಲೋ ಹಿಂಸೆ ಅನುಭವಿಸುವ ಮಗು ನಿಮ್ಮ ಮುಂದೆ ಕೂತಿರಬಹುದು. ನೀರಿಗಾಗಿ ಜಗಳ ಬೆಳೆಸದೆ ದುಡಿಮೆ ಬೆಳೆಸಿದ ಮನುಷ್ಯ ಈತ, ಅನ್ಯಾಯವಾದರೆ ದೊಡ್ಡವರಿಗೆ ಹೇಳುವುದು ತಪ್ಪಲ್ಲ ಎಂದು ಎರಡನ್ನೂ ಬಿಡಿಸಿ ಹೇಳಿ.

*ಎರಡನೇ ದಿನ: ಬತ್ತಿದ ಹಳ್ಳ, ಒಂದು ಹಿಡಿ ಹಿಟ್ಟು* (1 ಅರಸುಗಳು 17). ಮಳೆಯಿಲ್ಲದೆ ಹಳ್ಳ ಬತ್ತಿದ ಮೇಲೆ ಎಲೀಯನು ಊರಬಾಗಿಲಲ್ಲಿ ಸೌದೆ ಆಯುತ್ತಿದ್ದ ವಿಧವೆಯ ಬಳಿ ನೀರು ಕೇಳುತ್ತಾನೆ, ಆಮೇಲೆ ರೊಟ್ಟಿ ಕೇಳುತ್ತಾನೆ. ಆಕೆಯ ಮನೆಯಲ್ಲಿ ಉಳಿದಿರುವುದು ಒಂದು ಹಿಡಿ ಹಿಟ್ಟು, ಸ್ವಲ್ಪ ಎಣ್ಣೆ. ಈ ದಿನ ಸಭೆಯ ಇಬ್ಬರು ತಾಯಂದಿರನ್ನು ಕರೆದು ಮಕ್ಕಳ ಎದುರೇ ಜೋಳದ ರೊಟ್ಟಿ ಬಡಿಯಲು ಕೇಳಿ. ರೊಟ್ಟಿ ಬಡಿಯುವ ಸದ್ದಿನ ನಡುವೆ ಕಥೆ ಹೇಳಿ, ಬಿಸಿ ರೊಟ್ಟಿಗೆ ಬೆಲ್ಲವೋ ಶೇಂಗಾ ಚಟ್ನಿಯೋ ಹಚ್ಚಿ ಕೊಡಿ. ದೇವರನ್ನು ನಂಬಿದವರ ಮನೆಯಲ್ಲಿ ಹಿಟ್ಟು ತೀರುವುದೇ ಇಲ್ಲ ಎಂದು ಮಾತ್ರ ಹೇಳಬೇಡಿ. ನಂಬಿದವರ ಮನೆಯಲ್ಲೂ ತಿಂಗಳ ಕೊನೆಗೆ ಡಬ್ಬಿ ಖಾಲಿಯಾಗುವುದನ್ನು ಆ ಮಕ್ಕಳು ನೋಡಿದ್ದಾರೆ. ಇಲ್ಲದಿರುವಾಗಲೂ ಹಂಚಿಕೊಂಡ ಆ ತಾಯಿಯ ಧೈರ್ಯ ದೊಡ್ಡದು, ಅದನ್ನು ಹೇಳಿ.

*ಮೂರನೇ ದಿನ: ನಾಮಾನನು ಏಳು ಸಲ ಮುಳುಗಿದ್ದು* (2 ಅರಸುಗಳು 5). ಸೇನಾಪತಿಗೆ ಚರ್ಮರೋಗ. ಪರಿಹಾರದ ದಾರಿ ತೋರಿಸಿದ್ದು ಅವನ ಮನೆಯಲ್ಲಿ ಸೆರೆಯಾಳಾಗಿದ್ದ ಸಣ್ಣ ಹುಡುಗಿ. ಯೊರ್ದನಿನಲ್ಲಿ ಮುಳುಗು ಎಂದರೆ ನಮ್ಮ ದಮಸ್ಕದ ನದಿಗಳಿಗಿಂತ ಇದು ಹೆಚ್ಚೇ ಎಂದು ಅವನಿಗೆ ಸಿಟ್ಟು. ಈ ಸಿಟ್ಟು ನಮ್ಮ ಮಕ್ಕಳಿಗೆ ಬೇಗ ತಿಳಿಯುತ್ತದೆ. ಕೃಷ್ಣೆ ದೊಡ್ಡದೋ ತುಂಗಭದ್ರೆ ದೊಡ್ಡದೋ ಎಂದು ಕೇಳಿ ನೋಡಿ, ದೇವದುರ್ಗದ ಕಡೆಯವರೂ ಸಿಂಧನೂರಿನ ಕಡೆಯವರೂ ಅಲ್ಲೇ ಎರಡು ಪಕ್ಷವಾಗುತ್ತಾರೆ. ಆ ನಗು ಇಳಿಯುವ ಮೊದಲೇ ನಾಮಾನನನ್ನು ಒಳಗೆ ಕರೆತನ್ನಿ.

*ನಾಲ್ಕನೇ ದಿನ: ಬಿರುಗಾಳಿ* (ಮಾರ್ಕ 4). *ಐದನೇ ದಿನ: ಸಮಾರ್ಯದ ಬಾವಿ* (ಯೋಹಾನ 4).

ಐದನೇ ದಿನದ ಕಥೆಗೆ ಅರ್ಧ ಗಂಟೆ ಪೂರ್ತಿ ಕೊಡಿ. ಹೆಂಗಸೊಬ್ಬಳು ನಡುಮಧ್ಯಾಹ್ನ ಒಬ್ಬಳೇ ನೀರಿಗೆ ಬರುತ್ತಾಳೆ. ‘ಮಧ್ಯಾಹ್ನ 12ಕ್ಕೆ ನಿಮ್ಮ ಅವ್ವ ನೀರಿಗೆ ಹೋಗ್ತಾಳೇನು?’ ಎಂದು ಕೇಳಿದರೆ ಇಲ್ಲ ಎಂಬ ಕೂಗು ಏಳುತ್ತದೆ. ಮತ್ತೆ ಈಕೆ ಯಾಕೆ ಬಂದಳು? ಉತ್ತರವನ್ನು ಮಕ್ಕಳೇ ಹುಡುಕಲಿ. ಬೆಳಿಗ್ಗೆ ಬಂದರೆ ಬೇರೆ ಹೆಂಗಸರು ಮಾತಾಡಿಸುತ್ತಿರಲಿಲ್ಲ ಅಂತ ಕಾಣ್ತದೆ ಎಂದು ಯಾವುದಾದರೂ ಒಂದು ಹುಡುಗಿ ಮೆಲ್ಲಗೆ ಹೇಳುತ್ತಾಳೆ. ಯೆಹೂದ್ಯರಿಗೂ ಸಮಾರ್ಯದವರಿಗೂ ಬಳಕೆ ಇರಲಿಲ್ಲ ಎಂದು ಸುವಾರ್ತೆಯೇ ಹೇಳುತ್ತದೆ. ಒಬ್ಬರು ಮುಟ್ಟಿದ ಕೊಡವನ್ನು ಇನ್ನೊಬ್ಬರು ಮುಟ್ಟದ ಊರು ಎಂದರೇನು ಎಂದು ನಮ್ಮ ಹಳ್ಳಿಗಳ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಅಂಥ ಕಡೆ ಯೇಸು ಬಾವಿಕಟ್ಟೆಯ ಮೇಲೆ ಕೂತು, ಆಕೆಯ ಕೈಯಿಂದ, ಆಕೆಯ ಕೊಡದಿಂದ ನೀರು ಕೇಳಿದ. ಇದನ್ನು ಮೆತ್ತಗೆ ಮಾಡಿ ಹೇಳಬೇಡಿ, ಇದ್ದಂತೆ ಹೇಳಿ. ಕಥೆ ಮುಗಿದ ಮೇಲೆ ಎಲ್ಲರೂ ಒಂದೇ ಮಣ್ಣಿನ ಗಡಿಗೆಯ ನೀರು ಕುಡಿಯಲಿ, ಪಾಸ್ಟರರೂ ಹಿರಿಯರೂ ಮಕ್ಕಳ ಸಾಲಿನಲ್ಲೇ ನಿಂತು ಕುಡಿಯಲಿ. ಆಕೆಯ ಗಂಡಂದಿರ ವಿಷಯ ಚಿಕ್ಕವರಿಗೆ ಬೇಡ. ಹದಿಮೂರು ದಾಟಿದವರಿಗೆ ಹೇಳುವುದಾದರೆ ಆ ಹೆಂಗಸು ನಗೆಪಾಟಲಾಗದಂತೆ ಹೇಳಿ. ತನ್ನ ಊರಿಗೆಲ್ಲ ಸುದ್ದಿ ಮುಟ್ಟಿಸಿದವಳು ಆಕೆಯೇ.

ಬಾಯಿಪಾಠಕ್ಕೆ ದಿನಕ್ಕೊಂದು ವಾಕ್ಯ ಹೇರಬೇಡಿ. ಇಡೀ ಶಿಬಿರಕ್ಕೆ ಯೋಹಾನ 4:14 ಒಂದೇ ಸಾಕು, ಸಣ್ಣವರಿಗೆ ಅದರಲ್ಲೂ ಅರ್ಧ. ನಿಮ್ಮ ಸಭೆಯಲ್ಲಿ ಭಾನುವಾರ ಓದುವ ಅನುವಾದದಿಂದಲೇ ವಾಕ್ಯ ತೆಗೆದುಕೊಳ್ಳಿ. ಶಿಬಿರದಲ್ಲಿ ಕಲಿತದ್ದು ಒಂದು ತರಹ, ಆರಾಧನೆಯಲ್ಲಿ ಕೇಳಿದ್ದು ಇನ್ನೊಂದು ತರಹ ಆದರೆ ಮಗುವಿಗೆ ಗೊಂದಲ.

ದೊಡ್ಡ ಹುಡುಗರ ಗುಂಪಿಗೆ ನಮ್ಮ ಕಡೆಯ ಚರಿತ್ರೆಯ ಒಂದು ತುಂಡನ್ನೂ ಸೇರಿಸಿ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತರು. ಅವರೂ ಜೊತೆಯವರೂ ದುಡಿದ ಮೇಲೆ 1831ರ ಹೊತ್ತಿಗೆ ಪೂರ್ತಿ ಸತ್ಯವೇದ ಕನ್ನಡದಲ್ಲಿ ಬಂತು. ತಾವು ಕೈಯಲ್ಲಿ ಹಿಡಿದ ಪುಸ್ತಕದ ಕೆಲಸ ಪಕ್ಕದ ಬಳ್ಳಾರಿಯಲ್ಲಿ ನಡೆಯಿತು ಎಂದು ತಿಳಿದಾಗ ಹುಡುಗರು ಅದನ್ನು ತಿರುಗಿಸಿ ಮುರುಗಿಸಿ ನೋಡುತ್ತಾರೆ.

ಹಳೆಯ ನೀಲಿ ಸೀರೆ

ಸಾಮಾನಿನ ಪಟ್ಟಿಯಲ್ಲಿ ಮೊದಲು ಬರೆಯಬೇಕಾದ್ದು ಒಂದು ಹಳೆಯ ನೀಲಿ ಸೀರೆ. ಪ್ರೊಜೆಕ್ಟರ್ ನೆಚ್ಚಿಕೊಳ್ಳಬೇಡಿ. ಕರೆಂಟು ಸರಿಯಾಗಿ ಕಥೆಯ ಹೊತ್ತಿಗೇ ಹೋಗುತ್ತದೆ, ಇದ್ದರೂ ಬೆಳಗಿನ ಬೆಳಕಲ್ಲಿ ಚಿತ್ರ ಕಾಣುವುದಿಲ್ಲ. ಸೀರೆಯನ್ನು ಉದ್ದಕ್ಕೆ ಹಿಡಿದು ಎರಡು ಕಡೆ ಇಬ್ಬರು ಶಿಕ್ಷಕರು ನಿಂತರೆ ಅದು ಯೊರ್ದನ್ ನದಿ. ತಲೆಗೆ ಪೇಟ, ಸೊಂಟಕ್ಕೆ ಕಟ್ಟಿಗೆಯ ಕತ್ತಿ ಸಿಕ್ಕಿಸಿಕೊಂಡ ನಾಮಾನ ಹಿಂದಿನಿಂದ ಬಂದು ಮುಳುಗುತ್ತಾನೆ, ಏಳುತ್ತಾನೆ. ಮಕ್ಕಳು ಎಣಿಸುತ್ತಾರೆ. ಅವನ ಕೈಮೇಲೆ ಸುಣ್ಣದ ಬೊಟ್ಟು ಇಟ್ಟಿರಿ. ಆರನೇ ಸಲವೂ ಬೊಟ್ಟು ಹಾಗೇ ಇರುವುದನ್ನು ತೋರಿಸಿ ಅವನು ಅಳುಮುಖ ಮಾಡಲಿ. ‘ಸಾಕು, ಮನಿಗೆ ಹೋಗ್ಲ್ಯಾ?’ ಎಂದು ಕೇಳಿದಾಗ ಎಲ್ಲರೂ ಬೇಡ ಎಂದು ಕಿರುಚುತ್ತಾರೆ. ಏಳನೇ ಸಲ ಸೀರೆಯ ಹಿಂದೆ ಒದ್ದೆ ಬಟ್ಟೆಯಿಂದ ಒರೆಸಿಕೊಂಡು ಎದ್ದರೆ ಮುಗಿಯಿತು, ಆ ಕಥೆಯನ್ನು ಅವರು ಮರೆಯುವುದಿಲ್ಲ.

ಮರುದಿನ ಅದೇ ಸೀರೆ ಗಲಿಲಾಯ ಸರೋವರ. ಅಂಚಿನ ಸುತ್ತ ಮಕ್ಕಳೇ ಕೂತು ಹಿಡಿಯಲಿ, ನಡುವೆ ಒಂದು ಪ್ಲಾಸ್ಟಿಕ್ ಬುಟ್ಟಿಯ ದೋಣಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ ಅಲೆ ಎಬ್ಬಿಸಲಿ. ದೊಡ್ಡ ಹುಡುಗರು ಬಾಯಲ್ಲಿ ಗಾಳಿಯ ಸದ್ದು ಮಾಡಲಿ, ಡಬ್ಬಿ ಬಡಿಯಲಿ. ಕಥೆ ಹೇಳುವವರು ಎದ್ದು ನಿಂತು ಯೇಸು ಹೇಳಿದಂತೆ ಸುಮ್ಮನಿರು ಎಂದು ಹೇಳಿದ ಕ್ಷಣ ಎಲ್ಲರೂ ಸೀರೆಯನ್ನು ನೆಲಕ್ಕೆ ಬಿಟ್ಟು ಕೈ ಕಟ್ಟಬೇಕು. ಹಿಂದಿನ ದಿನ ಒಮ್ಮೆ ಅಭ್ಯಾಸ ಮಾಡಿಸಿದ್ದರೆ ಅರವತ್ತು ಮಕ್ಕಳ ಕೋಣೆ ಒಂದೇ ಸಲ ನಿಶ್ಶಬ್ದವಾಗುತ್ತದೆ. ನಿಮ್ಮ ಮಾತಿಗೆ ಅದೇ ಸಮಯ. ಯಾರಿಗೆ ಯಾವುದಕ್ಕೆ ಭಯವಾಗುತ್ತದೆ ಎಂದು ಕೇಳಿ, ಉತ್ತರಗಳನ್ನು ತಿದ್ದಬೇಡಿ. ಅಪ್ಪ ಕುಡಿದು ಬರುವ ಹೊತ್ತಿಗೆ ಎಂದು ಒಂದು ಮಗು ಹೇಳಿದರೆ ಅದನ್ನು ಕೇಳಿಸಿಕೊಳ್ಳುವುದಕ್ಕೇ ನೀವಿರುವುದು.

ಆಟಗಳಲ್ಲಿ ನೀರು ಚೆಲ್ಲಬೇಡಿ. ಸ್ಪಂಜು, ಬಲೂನು, ಬಕೆಟ್ಟಿನ ಆಟಗಳನ್ನು ಪುಸ್ತಕಗಳು ಹೇಳುತ್ತವೆ. ನಾಲ್ಕು ದಿನಕ್ಕೊಮ್ಮೆ ನಲ್ಲಿ ಬರುವ ಓಣಿಯಲ್ಲಿ ಅದನ್ನು ಆಡಿಸುವುದು ಪಕ್ಕದ ಮನೆಯವರಿಗೆ ನೋವು. ಖಾಲಿ ಕೊಡ ಸೊಂಟದ ಮೇಲಿಟ್ಟುಕೊಂಡು ಓಡುವ ರಿಲೇ ಇಡಿ. ಗಂಡುಹುಡುಗರಿಗೂ ಅದನ್ನೇ ಆಡಿಸಿ, ನೀರು ತರುವುದು ಹೆಣ್ಣುಮಕ್ಕಳ ಕೆಲಸ ಮಾತ್ರ ಅಲ್ಲ ಎಂಬುದು ಆಟದಲ್ಲೇ ಗೊತ್ತಾಗಲಿ.

ಶಿಕ್ಷಕರು

ಮಕ್ಕಳ ವಯಸ್ಸು ನೋಡಿ ನಾಲ್ಕರಿಂದ ಆರು, ಏಳರಿಂದ ಒಂಬತ್ತು, ಹತ್ತರಿಂದ ಹನ್ನೆರಡು, ಅದರ ಮೇಲಿನವರು ಎಂದು ನಾಲ್ಕು ಗುಂಪು ಮಾಡಿ. ಚಿಕ್ಕ ಗುಂಪಿನಲ್ಲಿ ಆರು ಮಕ್ಕಳಿಗೆ ಒಬ್ಬರು, ಉಳಿದಲ್ಲಿ ಹತ್ತಕ್ಕೆ ಒಬ್ಬರು ಬೇಕು. ಜೊತೆಗೆ ಪ್ರತಿ ಗುಂಪಿಗೆ ಕಾಲೇಜಿನ ಹುಡುಗನೋ ಹುಡುಗಿಯೋ ಒಬ್ಬರು ಸಹಾಯಕ್ಕೆ. ಮಕ್ಕಳು ಇವರನ್ನು ಅಕ್ಕ, ಅಣ್ಣ ಎಂದು ಕರೆಯಲಿ.

ಮೂರು ಶನಿವಾರ ತರಬೇತಿ ಇಡಿ. ಮೊದಲ ಶನಿವಾರ ಐದು ಕಥೆಗಳನ್ನೂ ಸತ್ಯವೇದದಿಂದಲೇ ಓದಿ ಮಾತಾಡಿ. ಎರಡನೆಯದಕ್ಕೆ ಪ್ರತಿಯೊಬ್ಬರೂ ಒಂದೊಂದು ಕಥೆಯನ್ನು ಪುಸ್ತಕ ನೋಡದೆ ಎಂಟು ನಿಮಿಷದಲ್ಲಿ ಹೇಳಿ ತೋರಿಸಲಿ. ಮೂರನೆಯದು ಹಾಡು, ಕೈಕೆಲಸ ಮತ್ತು ಮಕ್ಕಳ ರಕ್ಷಣೆಯ ನಿಯಮಗಳಿಗೆ. ರಾಯಚೂರಿನಲ್ಲಿ ತೆಲುಗು ಮನೆಮಾತಿನ ಮಕ್ಕಳು ಬಹಳ, ತಾಂಡಾಗಳಿಂದ ಲಂಬಾಣಿ ಮಾತಾಡುವವರು ಬರುತ್ತಾರೆ. ಪ್ರತಿ ಗುಂಪಿನಲ್ಲಿ ತೆಲುಗು ಬಲ್ಲವರು ಒಬ್ಬರಿದ್ದರೆ ಹಿಂದೆ ಕೂತ ಮಗು ಹೊರಗಿನದಾಗುವುದಿಲ್ಲ.

ನರಕದ ಭಯ ಹುಟ್ಟಿಸಿ ಮಕ್ಕಳನ್ನು ಅಳಿಸುವುದು, ಕಣ್ಣು ಮುಚ್ಚಿಸಿ ಕೈ ಎತ್ತಿಸಿ ಲೆಕ್ಕ ಹಾಕುವುದು ನನಗೆ ಒಪ್ಪಿಗೆಯಿಲ್ಲ. ಏಳು ವರ್ಷದ ಮಗು ಪಕ್ಕದವಳು ಎತ್ತಿದಳೆಂದು ಕೈ ಎತ್ತುತ್ತದೆ. ಕಥೆಯನ್ನು ಪ್ರೀತಿಯಿಂದ, ಪ್ರಾಮಾಣಿಕವಾಗಿ ಹೇಳಿ, ಪ್ರಶ್ನೆಗೆ ಉತ್ತರಿಸಿ, ಪ್ರಾರ್ಥಿಸಿ. ಅಷ್ಟು ನಮ್ಮ ಪಾಲಿನ ಕೆಲಸ.

ನೋಂದಣಿ ಮತ್ತು ಮನೆಯವರ ಒಪ್ಪಿಗೆ

ಒಂದು ಪುಟದ ಅರ್ಜಿ ಸಾಕು: ಹೆಸರು, ವಯಸ್ಸು, ತರಗತಿ, ಮನೆ ಇರುವ ಓಣಿ, ಎರಡು ಫೋನ್ ನಂಬರು, ಯಾವುದಾದರೂ ಕಾಯಿಲೆ ಅಥವಾ ಔಷಧ, ಯಾವ ತಿನಿಸು ಆಗಿಬರುವುದಿಲ್ಲ, ಕರೆದೊಯ್ಯಲು ಬರುವವರು ಯಾರು, ಫೋಟೊ ತೆಗೆಯಬಹುದೇ. ಕೆಳಗೆ ತಂದೆ ಅಥವಾ ತಾಯಿಯ ಸಹಿ, ಇಲ್ಲವಾದರೆ ಹೆಬ್ಬೆಟ್ಟು. ಅಪ್ಪ ಅಮ್ಮ ಬೆಂಗಳೂರಿಗೆ ಗುಳೆ ಹೋಗಿ ಅಜ್ಜಿಯ ಬಳಿ ಇರುವ ಮಕ್ಕಳು ನಮ್ಮಲ್ಲಿ ಕಡಿಮೆಯಿಲ್ಲ. ಅಂಥ ಮನೆಗೆ ನೀವೇ ಹೋಗಿ ಅಜ್ಜಿಗೆ ಓದಿ ಹೇಳಿ, ಅಪ್ಪನಿಗೂ ಅಲ್ಲಿಂದಲೇ ಫೋನ್ ಮಾಡಿ ಮಾತಾಡಿ.

ಸಭೆಗೆ ಸೇರದ ಮನೆಗಳ ಮಕ್ಕಳೂ ಗೆಳೆಯರ ಜೊತೆ ಬರುತ್ತಾರೆ. ಇಲ್ಲಿ ಮಾತು ನೇರವಾಗಿರಲಿ. ಇದು ಬೈಬಲ್ ಶಿಬಿರ, ಇಲ್ಲಿ ಬೈಬಲಿನ ಕಥೆ ಹೇಳುತ್ತೇವೆ, ಪ್ರಾರ್ಥನೆ ಮಾಡುತ್ತೇವೆ ಎಂದು ಮನೆಯವರಿಗೆ ಮೊದಲೇ ತಿಳಿಸಿ, ಬರೆದು ಕೊಟ್ಟ ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳಬೇಡಿ. ‘ಬೇಸಿಗೆ ಟ್ಯೂಷನ್’, ‘ವ್ಯಕ್ತಿತ್ವ ವಿಕಸನ’ ಎಂಬ ಹೆಸರಲ್ಲಿ ಕರೆತರುವುದು ಸುಳ್ಳು. ಯಾವ ತಾಯಿಯಾದರೂ ಬಂದು ಹಿಂದೆ ಕೂತು ನೋಡಬಹುದು. ಪ್ರಾರ್ಥನೆಯ ಹೊತ್ತಲ್ಲಿ ಸುಮ್ಮನೆ ಕೂರುವ ಮಗುವನ್ನು ಒತ್ತಾಯಿಸಬಾರದು, ಪುಸ್ತಕ, ಚೀಲ, ತಿಂಡಿಯನ್ನು ಯಾವ ಷರತ್ತಿಗೂ ಕಟ್ಟಬಾರದು. ಅಕ್ಕಪಕ್ಕದವರ ಜೊತೆ ನಮ್ಮ ಸಂಬಂಧ ನಿಲ್ಲುವುದು ಈ ಪಾರದರ್ಶಕತೆಯ ಮೇಲೆ.

ಮಕ್ಕಳ ರಕ್ಷಣೆ

ಯಾವ ದೊಡ್ಡವರೂ ಒಂದು ಮಗುವಿನ ಜೊತೆ ಮುಚ್ಚಿದ ಕೋಣೆಯಲ್ಲಿ ಒಬ್ಬರೇ ಇರಬಾರದು, ಅದು ಪಾಸ್ಟರ್ ಆದರೂ ಅಷ್ಟೇ. ಚಿಕ್ಕ ಹುಡುಗಿಯರನ್ನು ಶೌಚಾಲಯಕ್ಕೆ ಇಬ್ಬರು ಅಕ್ಕಂದಿರು ಕರೆದೊಯ್ಯಲಿ. ಹೊಸಬರು ಸೇವೆಗೆ ಬರುತ್ತೇನೆ ಎಂದರೆ ಅವರ ಹಿಂದಿನ ಸಭೆಯಲ್ಲಿ ವಿಚಾರಿಸದೆ ಗುಂಪು ಒಪ್ಪಿಸಬೇಡಿ. ಬೆತ್ತ, ಕಿವಿ ಹಿಂಡುವುದು, ಬಸ್ಕಿ ಯಾವುದೂ ಇಲ್ಲ.

2012ರ ಪೋಕ್ಸೊ ಕಾಯ್ದೆಯನ್ನು ಎಲ್ಲ ಶಿಕ್ಷಕರಿಗೂ ವಿವರಿಸಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದರೆ ಪೊಲೀಸರಿಗೆ ತಿಳಿಸುವುದು ಕಾನೂನಿನ ಕರ್ತವ್ಯ, ಮುಚ್ಚಿಡುವುದು ಶಿಕ್ಷಾರ್ಹ. ಸಭೆಯ ಮರ್ಯಾದೆ, ಮನೆತನದ ಮರ್ಯಾದೆ ಎಂದು ಹಿರಿಯರ ಸಮಿತಿಯಲ್ಲಿ ಮುಗಿಸುವ ವಿಷಯ ಅದಲ್ಲ. ಮಕ್ಕಳ ಸಹಾಯವಾಣಿ 1098, ತುರ್ತು ಪೊಲೀಸ್ 112, ಆಂಬುಲೆನ್ಸ್ 108. ಈ ಮೂರು ನಂಬರುಗಳನ್ನು ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ, ಮಕ್ಕಳಿಗೂ ಓದಿಸಿ.

ಆಟೋ, ಟಂಟಂ ಗೊತ್ತುಮಾಡಿದರೆ ಗೊತ್ತಿರುವ ಚಾಲಕರೇ ಆಗಲಿ, ಒಳಗೆ ಒಬ್ಬರು ಶಿಕ್ಷಕಿ ಇರಲಿ, ಸೀಟಿಗಿಂತ ಹೆಚ್ಚು ತುಂಬುವ ಬದಲು ಎರಡು ಸುತ್ತು ಹೊಡೆಯಲಿ.

ಜಾಗ, ನೀರು, ತಿಂಡಿ

ಸ್ವಂತ ಕಟ್ಟಡ ಇಲ್ಲದವರು ಹಿಂಜರಿಯಬೇಕಾಗಿಲ್ಲ. ಈ ಶಿಬಿರಗಳ ಮೂಲ ಹುಡುಕಿದರೆ 1898ರಲ್ಲಿ ನ್ಯೂಯಾರ್ಕಿನ ಎಲೈಜಾ ಹಾಸ್ ಎಂಬ ಹೆಣ್ಣುಮಗಳು ಬೀದಿಯ ಮಕ್ಕಳಿಗಾಗಿ ಒಂದು ಹೆಂಡದಂಗಡಿಯನ್ನು ಬಾಡಿಗೆಗೆ ಹಿಡಿದು ಬೇಸಿಗೆ ಶಾಲೆ ನಡೆಸಿದ್ದು ಸಿಗುತ್ತದೆ. ನಮಗೆ ಬೇವಿನ ಮರದ ನೆರಳಿದ್ದರೂ ನಡೆಯುತ್ತದೆ. ತಗಡಿನ ಶೀಟಿನ ಸಭೆಯಾದರೆ ಮೇಲೆ ಜೋಳದ ಸೊಪ್ಪೆ ಅಥವಾ ತೆಂಗಿನ ಗರಿ ಹಾಸಿ, ಮುಂದೆ ಹಸಿರು ನೆಟ್ಟಿನ ಚಪ್ಪರ ಹಾಕಿ. ಒಂದು ವಾರ ಮೊದಲೇ ಅಂಗಳ ಗುಡಿಸಿ, ಮೂಲೆಯ ಕಲ್ಲುರಾಶಿ, ಕಟ್ಟಿಗೆ ತೆಗೆಸಿ. ಬೇಸಿಗೆಯಲ್ಲಿ ಚೇಳು ತಂಪು ಹುಡುಕಿಕೊಂಡು ಬರುತ್ತದೆ, ಸುತ್ತಿಟ್ಟ ಜಮಖಾನೆಯನ್ನು ದಿನಾ ಕೊಡವಿ ಹಾಸಬೇಕು. ಚೇಳೋ ಹಾವೋ ಕಚ್ಚಿದರೆ ಮಂತ್ರ, ನಾಟಿ ಮದ್ದು ಎಂದು ಹೊತ್ತು ಕಳೆಯದೆ ನೇರ ಆಸ್ಪತ್ರೆಗೆ. ನಗರದಲ್ಲಿ ರಿಮ್ಸ್ ಸರ್ಕಾರಿ ಆಸ್ಪತ್ರೆ ಇದೆ, ಹಳ್ಳಿಯಾದರೆ ಹತ್ತಿರದ ತಾಲ್ಲೂಕು ಆಸ್ಪತ್ರೆಯ ದಾರಿಯನ್ನೂ ವಾಹನವನ್ನೂ ಮೊದಲೇ ಗೊತ್ತುಮಾಡಿ ಇಟ್ಟುಕೊಳ್ಳಿ.

ಕುಡಿಯುವ ನೀರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡದ್ದನ್ನು ನಾವು ಕಂಡಿದ್ದೇವೆ. ಶುದ್ಧ ನೀರಿನ ಘಟಕದಿಂದ ತಂದ 20 ಲೀಟರಿನ ಕ್ಯಾನ್ ಇಡಿ, ಅನುಮಾನವಿದ್ದರೆ ಹಿಂದಿನ ರಾತ್ರಿ ಕುದಿಸಿ ಆರಿಸಿ ಗಡಿಗೆಗೆ ತುಂಬಿ. ಅರವತ್ತು ಮಕ್ಕಳಿಗೆ ತಲಾ ಅರ್ಧ ಲೀಟರಿನಂತೆ ದಿನಕ್ಕೆ ಎರಡು ಕ್ಯಾನ್ ಕುಡಿಯಲಿಕ್ಕೇ ಬೇಕು. ಕೈತೊಳೆಯುವ ನೀರು ಬೇರೆ, ಸಾಬೂನು ಜೊತೆಗೆ. ಆ ನೀರು ಹರಿದು ಒಂದು ಗಿಡದ ಬುಡಕ್ಕೆ ಹೋಗುವಂತೆ ಮಾಡಿ, ಐದು ದಿನದ ಕಥೆಗೂ ಅದು ಹೊಂದುತ್ತದೆ.

ತಿಂಡಿ ಸರಳವಾಗಿರಲಿ. ಒಂದು ದಿನ ವಗ್ಗಾಣಿ, ಒಂದು ದಿನ ಉಪ್ಪಿಟ್ಟು, ಒಂದು ದಿನ ಬಾಳೆಹಣ್ಣು ಮತ್ತು ಶೇಂಗಾ ಉಂಡೆ, ಎರಡನೇ ದಿನದ ರೊಟ್ಟಿ ಹೇಗೂ ಇದೆ. ಮಿರ್ಚಿ ಬಜ್ಜಿ ಬೇಡ, ಬಿಸಿಲಿಗೆ ಹೊಟ್ಟೆ ಕೆಡುತ್ತದೆ. ಶೇಂಗಾ ಆಗಿಬರದ ಮಗು ಇದೆಯೇ ಎಂದು ಅರ್ಜಿಯಲ್ಲಿ ನೋಡಿರಿ. ಮಜ್ಜಿಗೆ ಮಾತ್ರ ದಿನಾ ಇರಲಿ. ಮೂರು ಲೀಟರ್ ಮೊಸರಿಗೆ ಒಂಬತ್ತು ಲೀಟರ್ ಶುದ್ಧ ನೀರು, ಉಪ್ಪು, ಜೀರಿಗೆ, ಕರಿಬೇವು ಹಾಕಿ ಕಡೆದರೆ ಅರವತ್ತು ಮಕ್ಕಳಿಗೆ ತಲಾ ಒಂದು ಲೋಟ. ಬಣ್ಣದ ಪೆಪ್ಸಿ ಕಡ್ಡಿ, ಬೀದಿ ಐಸು ಒಳಗೆ ಬರದಿರಲಿ.

ಮಗು ತಲೆಸುತ್ತು, ವಾಂತಿ ಎಂದರೆ ನೆರಳಿಗೆ ಕರೆದೊಯ್ದು ಮಲಗಿಸಿ, ಒದ್ದೆ ಬಟ್ಟೆಯಿಂದ ಮೈ ಒರೆಸಿ ಗಾಳಿ ಬೀಸಿ. ಎಚ್ಚರವಾಗಿದ್ದರೆ ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಸಿ. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಸಮನಾಗಿ ಅಳೆದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮೈ ಸುಡುತ್ತಿದ್ದು ಮಾತು ತಡವರಿಸಿದರೆ ಅಥವಾ ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಕರೆ ಮಾಡಿ, ವಾಹನ ಬರುವವರೆಗೂ ಮೈ ತಂಪು ಮಾಡುತ್ತಲೇ ಇರಿ.

ದಿನದ ಓಟ

ಆಟವನ್ನು ಕೊನೆಗೆ ಇಡುವುದು ಎಲ್ಲ ಕಡೆಯ ರೂಢಿ. ನಮ್ಮಲ್ಲಿ ಅದು ಮೊದಲು ಬರಬೇಕು. 7:15ಕ್ಕೆ ಹಾಜರಿ, ಎಂಟರವರೆಗೆ ಅಂಗಳದಲ್ಲಿ ಆಟ. ಬೆವರಿ ಬಂದ ಮಕ್ಕಳು ನೀರು ಕುಡಿದು ಒಳಗೆ ಕೂರಲಿ, ಅರ್ಧ ಗಂಟೆ ಅಭಿನಯ ಗೀತೆಗಳು. 8:30ಕ್ಕೆ ಕಥೆ, 8:55ಕ್ಕೆ ತಿಂಡಿ, ಮಜ್ಜಿಗೆ. 9:15ರಿಂದ ಗುಂಪುಗಳಲ್ಲಿ ಕಥೆಯ ಬಗ್ಗೆ ಮಾತು, ಬಾಯಿಪಾಠ. 9:45ಕ್ಕೆ ಕೈಕೆಲಸ. 10:15ಕ್ಕೆ ಒಂದು ಹಾಡು, ಸಣ್ಣ ಪ್ರಾರ್ಥನೆ, ಆಮೇಲೆ ಅರ್ಜಿಯಲ್ಲಿ ಹೆಸರಿರುವವರ ಕೈಗೇ ಮಗುವನ್ನು ಒಪ್ಪಿಸುವುದು. ಐದನೇ ದಿನ ಕಥೆಗೆ ಹೆಚ್ಚು ಹೊತ್ತು ಬೇಕಾದ್ದರಿಂದ ಹಾಡು ಕಡಿಮೆ ಮಾಡಿ.

ಕೈಕೆಲಸಕ್ಕೆ ದುಬಾರಿ ಕಿಟ್ ತರಿಸಬೇಡಿ. ಜೇಡಿಮಣ್ಣಿನ ಪುಟ್ಟ ಬಾವಿ, ಹಳೇ ಪೇಪರಿನ ದೋಣಿ, ಕುಂಬಾರರಿಂದ ತಂದ ಸಣ್ಣ ಕುಡಿಕೆಗೆ ಬಣ್ಣ, ಇಷ್ಟೇ ಸಾಕು. ಕುಡಿಕೆಗಳನ್ನು ಐದನೇ ದಿನ ಮನೆಗೆ ಒಯ್ದು ಹಕ್ಕಿಗಳಿಗೆ ನೀರಿಡಲು ಹೇಳಿ. ಯಾರ ಬಣ್ಣ ಚೆಂದ ಎಂದು ಬಹುಮಾನ ಕೊಡಬೇಡಿ. ಬಾಯಿಪಾಠಕ್ಕೂ ಬೇಡ, ಓದಲು ಬಾರದ ಮಗುವಿಗೆ ಶಾಲೆಯಲ್ಲಿ ಆಗುವ ಅವಮಾನವೇ ಸಾಕು. ಕೊಡುವುದಾದರೆ ಎಲ್ಲರಿಗೂ ಒಂದೇ ಪೆನ್ಸಿಲ್.

ಕೊನೆಯ ದಿನದ ಕಾರ್ಯಕ್ರಮಕ್ಕೆ ಮನೆಯವರೆಲ್ಲರನ್ನೂ ಕರೆಯಿರಿ. ಭಾಷಣ ಒಂದೇ ಇರಲಿ, ಅದೂ ಐದು ನಿಮಿಷ. ಉಳಿದ ಹೊತ್ತು ಮಕ್ಕಳದು. ನಾಮಾನನ ನಾಟಕವನ್ನು ಈಗ ಮಕ್ಕಳೇ ಆಡಲಿ. ಫೋಟೊಗೆ ಒಪ್ಪದ ಮನೆಯ ಮಕ್ಕಳ ಚಿತ್ರ ಯಾವ ವಾಟ್ಸ್‌ಆ್ಯಪ್ ಗುಂಪಿಗೂ ಹೋಗಬಾರದು. ದಾನಿಗಳಿಗೆ ಕಳಿಸಲೆಂದು ಬಡತನ ಕಾಣುವ ಹಾಗೆ ಮಕ್ಕಳನ್ನು ನಿಲ್ಲಿಸಿ ಚಿತ್ರ ತೆಗೆಯುವುದಂತೂ ಬೇಡವೇ ಬೇಡ.

ಮುಗಿದ ಮೇಲೆ

ಖರ್ಚಿನ ಲೆಕ್ಕವನ್ನು ಮುಂದಿನ ಭಾನುವಾರವೇ ಸಭೆಯ ಮುಂದೆ ಓದಿ. ಎಷ್ಟು ಕಾಣಿಕೆ ಬಂತು, ಮೊಸರಿಗೆಷ್ಟು, ಆಟೋಗೆಷ್ಟು ಎಂದು ಬಿಡಿಸಿ ಹೇಳಿದರೆ ಮುಂದಿನ ವರ್ಷ ಕೇಳುವ ಮೊದಲೇ ಯಾರೋ ಒಬ್ಬರು ಮೊಸರು ನಂದು ಎನ್ನುತ್ತಾರೆ.

ಜೂನ್ ಮೊದಲ ವಾರ, ಶಾಲೆ ಶುರುವಾದ ಮೇಲೆ, ಪ್ರತಿ ಶಿಕ್ಷಕರೂ ತಮ್ಮ ಗುಂಪಿನ ಮಕ್ಕಳ ಮನೆಗೆ ಒಮ್ಮೆ ಹೋಗಿ ಬರಲಿ. ಪಾಟಿಚೀಲ, ಪುಸ್ತಕ ಸಿಕ್ಕಿದೆಯೇ, ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ವಿಚಾರಿಸಲಿ. ಹೆಸರು ಹಚ್ಚದ ಮಗು ಕಂಡರೆ ಮನೆಯವರ ಜೊತೆಯೇ ಹೋಗಿ ಮುಖ್ಯ ಶಿಕ್ಷಕರನ್ನು ಕಾಣಿ. ಹಾಜರಿ ಪುಸ್ತಕದ ಹಿಂದಿನ ಪುಟಗಳಲ್ಲಿ ಯಾವ ಕಥೆ ಹಿಡಿಸಿತು, ಯಾವ ಹಾಡು ಕಷ್ಟವಾಯಿತು, ಯಾವ ಓಣಿಯಿಂದ ಮಕ್ಕಳು ಬರಲಿಲ್ಲ ಎಂದು ಬರೆದು, ಪುಸ್ತಕವನ್ನು ಮುಂದಿನ ವರ್ಷ ನಡೆಸುವವರ ಕೈಗೆ ಆಗಲೇ ಕೊಟ್ಟುಬಿಡಿ.